ಪಾವಣೆ ಆರಕ್ಕೆ ಸರಿಯಾಗಿ

ಗಡಿಯಾರ ನೋಡುವುದೇ ನನ್ನ ಹೊಟ್ಟೆಪಾಡು. ಅದಕ್ಕೇ ಇರಬೇಕು, ಹೊತ್ತಿನ ವಿಷಯದಲ್ಲಿ ಆಗಬಾರದ್ದೆಲ್ಲ ಹುಡುಕಿಕೊಂಡು ಬಂದು ನನ್ನ ಎದುರಿಗೇ ಆಗುತ್ತಿತ್ತು.

ಪುಣೆಯ ಖಡಕಿಯ ಕಡೆ ಒಂದು ಕಾರಖಾನೆಯಲ್ಲಿ ನಾನು ಟೈಮ್‌ಕೀಪರ್ ಆಗಿದ್ದೆ. ಭೋಂಗಾ, ಅಂದರೆ ಸೈರನ್, ಆದ ಕೂಡಲೇ ಗೇಟಿನಲ್ಲಿ ನಿಂತು, ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು ಅಂತ ಬರೆಯುವ ಕೆಲಸ. ಇಂಥವನಿಗೆ ಗೆಳೆಯರು ಸಿಗುವುದು ಕಷ್ಟ. ಆದರೂ ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಮೂವರು ಸಿಕ್ಕರು. ಒಬ್ಬರು ವಿಜಾಪುರ ಕಡೆಯವರು, ಮಿಲಿಟರಿಯಲ್ಲಿ ಗಾಡಿ ಓಡಿಸಿ ನಿವೃತ್ತರಾದ ಸುಬೇದಾರರು. ಇನ್ನೊಬ್ಬರು ಗುಲಬರ್ಗಾ ಕಡೆಯವರು, ಕಟ್ಟಡ ಕೆಲಸದ ಗುತ್ತೇದಾರರು. ಮೂರನೆಯವರು ಉಡುಪಿ ಕಡೆಯವರು, ಹಡಪಸರದಲ್ಲಿ ಹೋಟೆಲ್ ನಡೆಸುವವರು. ಪುಣೆಯಲ್ಲಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರನ್ನೆಲ್ಲ ಅಣ್ಣ ಅಂತಲೇ ಕರೆಯುವುದು, ನಾವೂ ಅಣ್ಣ ಅಂತಲೇ ಕರೆದೆವು.

ಆ ಮೂವರ ಹತ್ತಿರವೂ ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೇ ಜೀಪು ಇದ್ದವು. ನನ್ನ ಹತ್ತಿರ ಸೈಕಲ್ಲು ಮತ್ತು ಕೈಗಡಿಯಾರ. ತಿಂಗಳಿಗೆ ಒಂದು ರವಿವಾರ ಮುಳಶಿ ಕಡೆಗೋ ಪಾನಶೇತ್ ಕಡೆಗೋ ಹೋಗಿ, ರಸ್ತೆ ಬಿಟ್ಟು, ಹಳ್ಳ ಕೊಳ್ಳ ಗುಡ್ಡ ಅಂತ ಜೀಪು ಹತ್ತಿಸಿ ಇಳಿಸಿ ಸಂಜೆಗೆ ಮನೆಗೆ ಬರುವುದು. ಇಂಥ ದಾರಿಗೆ ಒಂದೇ ಗಾಡಿ ಹೋಗುವಂತಿಲ್ಲ. ಒಂದು ಸಿಕ್ಕಿಬಿದ್ದರೆ ಇನ್ನೊಂದು ಎಳೆಯಬೇಕು. ಆದ್ದರಿಂದ ಎಲ್ಲರೂ ಬರುವ ತನಕ ಕಾಯುವುದು ಬಂತು, ಕಾಯುವುದು ಬಂದ ಮೇಲೆ ರಿಜಿಸ್ಟರೂ ಬಂತು. ಅದನ್ನು ನಾನೇ ಇಟ್ಟೆ. ಆ ರಿಜಿಸ್ಟರಿನಲ್ಲಿ ಒಬ್ಬ ಒಳ್ಳೆಯ ಮನುಷ್ಯನ ಹೆಸರನ್ನು ನನ್ನ ಕೈಯಾರೆ ಹೊಡೆದು ಹಾಕಿದೆ. ಆ ಹೆಸರು ಮತ್ತೆ ಬರೆಯುವ ತನಕ ನನಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಅದನ್ನೇ ಹೇಳಬೇಕು. ಆದರೆ ಮೊದಲಿನದನ್ನು ಮೊದಲು ಹೇಳಬೇಕಾಗುತ್ತದೆ.

ಫೌಜಿ ಟೈಮು

ನಾವು ಸೇರುವ ಜಾಗ ಊರ ಹೊರಗಿನ ಜಕಾತಿ ನಾಕೆ. ಲಾರಿಗಳು ನಿಂತು ಸುಂಕ ಕಟ್ಟಿ ಹೋಗುವ ಜಾಗ ಅದು. ಹೊರಡುವುದು ಆರು ಗಂಟೆಗೆ. ಆದರೆ ಸುಬೇದಾರರು ಮೊದಲನೇ ದಿನವೇ ಹೇಳಿಬಿಟ್ಟರು: "ಫೌಜಿನ್ಯಾಗ ಆರು ಅಂದ್ರ ಪಾವಣೆ ಆರು. ಹದಿನೈದು ಮಿನಿಟ್ ಮೊದಲ ಹಾಜರ್ ಇರಬೇಕು." ಹೀಗಾಗಿ ನಮ್ಮ ಟೈಮು ಪಾವಣೆ ಆರು ಅಂತಲೇ ಗಟ್ಟಿಯಾಯಿತು. ಗಡಿಯಾರದಲ್ಲಿ ಐದು ನಲವತ್ತೈದು.

ಆದರೆ ಹುಕುಂ ಕೊಟ್ಟವರು ಹುಕುಂ ಪಾಲಿಸುವವರಿಗಿಂತ ಮೊದಲು ಇರಬೇಕು ಅಂತ ಸುಬೇದಾರರು ಸ್ವತಃ ಐದೂವರೆಗೇ ಬಂದರು. ಟೈಮ್‌ಕೀಪರನಿಗಿಂತ ಮೊದಲು ಒಬ್ಬರು ಬಂದರೆ ಅವರ ಹೊತ್ತು ಬರೆಯುವವರು ಯಾರು? ಮುಂದಿನ ತಿಂಗಳು ನಾನು ಐದೂಕಾಲಿಗೆ ಹೋದೆ. ಅವರು ನನ್ನನ್ನು ನೋಡಿ ಕೈಗಡಿಯಾರ ನೋಡಿಕೊಂಡರು. ಅದರ ಮುಂದಿನ ತಿಂಗಳು ಐದಕ್ಕೇ ಬಂದು ನಿಂತಿದ್ದರು. ನಾನೂ ಕೈಗಡಿಯಾರ ನೋಡಿಕೊಂಡೆ, ಮರುತಿಂಗಳು ನಾಲ್ಕೂವರೆಗೆ ಸೈಕಲ್ ಹತ್ತಿದೆ.

ಹೀಗೆ ಎಲ್ಲಿಗೆ ಹೋಗಿ ಮುಟ್ಟುತ್ತಿತ್ತೋ. ಒಂದು ದಿನ ಸುಬೇದಾರರ ಮನೆಯವರು ತರಕಾರಿ ಮಂಡಿಯಲ್ಲಿ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಕೇಳಿದರಂತೆ: "ತಪ್ಪು ತಿಳೀಬ್ಯಾಡ್ರಿ. ನಮ್ಮವರು ಎಷ್ಟೊತ್ತಿಗೆ ಹೋದ್ರೂ ನಿಮ್ಮವರು ನಾಕೆದಾಗೇ ಇರ್ತಾರಂತ. ಮನಿಯಿಂದ ಹೊರಗ ಹಾಕೀರೇನ್ರಿ?"

ಅವತ್ತಿನಿಂದ ಇಬ್ಬರೂ ಪಾವಣೆ ಆರಕ್ಕೆ ಸರಿಯಾಗಿ ಬರುವುದು ಅಂತ ಮಾತಾಯಿತು.

ಎಲ್ಲಿಗೆ ಹೊಂಟ್ರಿ?

ಗುತ್ತೇದಾರರು ಮೊದಲ ಎರಡು ಸಲ ನಲವತ್ತು ನಿಮಿಷ ತಡ. ಕೇಳಿದರೆ, "ನಾ ಏನ್ ಮಾಡ್ಲಿರಿ? ಐದಕ್ಕ ರೆಡಿ ಇದ್ದೆ, ಗಲ್ಲಿ ಬಿಡವಲ್ದು" ಅಂದರು.

ವಿಷಯ ಏನೆಂದರೆ, ಅವರ ಗಲ್ಲಿಯ ತುಂಬ ಅವರೇ ಊರಿನಿಂದ ಕೆಲಸಕ್ಕೆ ಕರೆತಂದ ಮಂದಿ. ಎಲ್ಲರಿಗೂ ಅವರ ಮೇಲೆ ಗೌರವ. ಗೌರವ ಇದ್ದವರು ಹೊರಟವರನ್ನು ಸುಮ್ಮನೆ ಬಿಡುತ್ತಾರೆಯೇ? "ಎಲ್ಲಿಗೆ ಹೊಂಟ್ರಿ ಧಣ್ಯಾರ?" ಅಂತ ಕೇಳಿಯೇ ಕೇಳುತ್ತಾರೆ. ಹೊರಟ ಹೆಜ್ಜೆಯಲ್ಲಿ ಎಲ್ಲಿಗೆ ಅಂತ ಕೇಳಿಸಿಕೊಂಡರೆ ಹೋದ ಕೆಲಸ ಆಗುವುದಿಲ್ಲ ಅಂತ ಗುತ್ತೇದಾರರ ನಂಬಿಕೆ. ಕೇಳಿಸಿಕೊಂಡ ಕೂಡಲೇ ಜೀಪು ನಿಲ್ಲಿಸಿ, ಮನೆಗೆ ಹೋಗಿ, ಒಂದು ಗಳಿಗೆ ಕೂತು, ಒಂದು ಚರಿಗೆ ನೀರು ಕುಡಿದು ಮತ್ತೆ ಹೊರಡಬೇಕು. ಮತ್ತೆ ಹೊರಟರೆ ಮುಂದಿನ ಮನೆಯವರು ಕಟ್ಟೆಯ ಮೇಲೆ ಹಲ್ಲು ತಿಕ್ಕುತ್ತ ಕೂತಿರುತ್ತಾರೆ. ಎರಡನೇ ತಿಂಗಳು ಅವರು ನಾಲ್ಕು ಚರಿಗೆ ನೀರು ಕುಡಿದು ಬಂದಿದ್ದರು. ಮೇಲೆ ಹಳ್ಳದ ದಾರಿ, ಜೀಪಿನ ಕುಲುಕಾಟ. ಅವತ್ತು ನಾವು ಎಷ್ಟು ಸಲ ಗಾಡಿ ನಿಲ್ಲಿಸಿದೆವು ಅನ್ನುವುದನ್ನು ರಿಜಿಸ್ಟರಿನಲ್ಲಿ ಬರೆದಿಲ್ಲ.

ಇದನ್ನು ಸರಿಪಡಿಸಬೇಕು ಅಂತ ನಾನೇ ಒಂದು ಶನಿವಾರ ಸಂಜೆ ಆ ಗಲ್ಲಿಗೆ ಹೋದೆ. ಮನೆ ಮನೆಗೆ ನಿಂತು ಕೈಮುಗಿದು ಹೇಳಿದೆ: "ನಾಳೆ ಮುಂಜಾನೆ ಗುತ್ತೇದಾರರು ಹೋಗುವಾಗ ಯಾರೂ ಎಲ್ಲಿಗೆ ಅಂತ ಕೇಳಬ್ಯಾಡ್ರಿ." ಎಲ್ಲರೂ ತಲೆ ಅಲ್ಲಾಡಿಸಿದರು.

ಮರುದಿನ ಗುತ್ತೇದಾರರು ಐವತ್ತು ನಿಮಿಷ ತಡ. ಅವರು ಬಾಗಿಲು ತೆಗೆದು ನೋಡಿದರೆ ಇಡೀ ಗಲ್ಲಿ ಎದ್ದು ಹೊರಗೆ ನಿಂತಿತ್ತಂತೆ. ಯಾರೂ ಬಾಯಿ ಬಿಡಲಿಲ್ಲ, ಆದರೆ ಎಲ್ಲರ ನಮಸ್ಕಾರ ತೆಗೆದುಕೊಂಡು ದಾಟುವುದರಲ್ಲೇ ಅರ್ಧ ಗಂಟೆ ಹೋಯಿತಂತೆ. ಜೀಪು ಗಲ್ಲಿಯ ಬಾಯಿಗೆ ಬರುವ ಹೊತ್ತಿಗೆ ಕೊನೆಯ ಮನೆಯ ಮುದುಕಿಗೆ ತಡೆಯಲಾಗಲಿಲ್ಲ. ಮುಂದೆ ಬಂದು ಜೀಪಿನ ಗಾಲಿಯ ಮೇಲೆ ಕೈಯಿಟ್ಟು, "ಯಪ್ಪಾ, ಎಲ್ಲಿಗೆ ಅಂತ ಕೇಳಬಾರದಂತ. ಅಂಥಾದ್ದು ಎಲ್ಲಿಗೆ ಹೊಂಟೀದಿ?" ಅಂದಳು.

ಆಮೇಲೆ ಅವರು ಶನಿವಾರವೇ ಜೀಪನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ, ಹಿತ್ತಲ ಬಾಗಿಲಿಂದ ನಡೆದು ಹೋಗುವ ರೂಢಿ ಮಾಡಿಕೊಂಡರು. ಮುಂದೆ ಎಂದೂ ತಡ ಆಗಲಿಲ್ಲ.

ಇಡ್ಲಿ ಬರುವುದಿದೆ

ಅಣ್ಣ ನಮ್ಮ ಜೊತೆ ಸೇರಿದಾಗ ಅವರು ಊರಿನಿಂದ ಪುಣೆಗೆ ಬಂದು ಕೆಲವೇ ತಿಂಗಳಾಗಿತ್ತು. ಮಾವನ ಹೋಟೆಲನ್ನು ನಡೆಸಲು ಬಂದವರು. ಮರಾಠಿಯಲ್ಲಿ ತಿಂಡಿಯ ಹೆಸರು ಮತ್ತು ನಮಸ್ಕಾರ, ಅಷ್ಟೇ ಬರುತ್ತಿತ್ತು. ಮೊದಲ ಸಲ ನಾನು "ಪಾವಣೆ ಆರಕ್ಕ ನಾಕೆಕ್ಕ ಬರ್ರಿ" ಅಂದಾಗ ಅವರು ಮೆಲ್ಲಗೆ ಏನೋ ಕೇಳಿದರು. ನಾನು ಬಸ್ಸಿನ ಅವಸರದಲ್ಲಿ, ಕೈಗಡಿಯಾರ ನೋಡುತ್ತ, ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಹೊರಟೆ.

ಅವರು ಆರು ನಲವತ್ತೈದಕ್ಕೆ ಬಂದರು. ಅಂದರೆ ಒಂದು ಗಂಟೆ ತಡ. ಬಂದವರು ನಗುತ್ತ ಇಳಿದು, "ಎಂತ ಮಾರಾಯ್ರೆ, ಇಷ್ಟು ಬೇಗ ಬಂದು ಕೂತಿದ್ದೀರಿ?" ಅಂತ ನಮ್ಮನ್ನೇ ಕೇಳಿದರು. ಸುಬೇದಾರರ ಮೀಸೆ ಕುಣಿಯಿತು. ಏನಾದರೂ ಅನ್ನುವಷ್ಟರಲ್ಲಿ ಅಣ್ಣ ಒಂದು ದೊಡ್ಡ ಸ್ಟೀಲಿನ ಡಬ್ಬಿ ತೆಗೆದು ಬಾನೆಟ್ಟಿನ ಮೇಲೆ ಇಟ್ಟರು. ಬಿಳೀ ಬಟ್ಟೆಯ ಕೆಳಗೆ ಬಿಸಿ ಬಿಸಿ ಇಡ್ಲಿ, ಪಕ್ಕದಲ್ಲಿ ಚಟ್ನಿ. ಬಾಯಿಯಲ್ಲಿ ಇಡ್ಲಿ ಇಟ್ಟುಕೊಂಡು ಬೈಯಲು ಬರುವುದಿಲ್ಲ.

ಪ್ರತಿ ತಿಂಗಳೂ ಇದೇ ಆಯಿತು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮುಂದೆ ಆರು ನಲವತ್ತೈದು, ಆರು ನಲವತ್ನಾಲ್ಕು, ಆರು ನಲವತ್ತೈದು. ಕಾರಖಾನೆಯಲ್ಲಿ ಸಾವಿರ ಮಂದಿ ತಡ ಬಂದವರನ್ನು ನೋಡಿದ್ದೆ. ಇಷ್ಟು ನಿಯತ್ತಾಗಿ ತಡ ಬರುವವರನ್ನು ನೋಡಿರಲಿಲ್ಲ.

ಒಂದು ರವಿವಾರ ನಾಕೆಯ ಕಾರಕೂನ, ಅಂದರೆ ಗುಮಾಸ್ತ, ನಮ್ಮ ಎರಡು ಜೀಪುಗಳನ್ನು ಸುತ್ತು ಹಾಕಿ ನೋಡಿದ. "ಕಾಯ ಮಾಲ ಆಹೆ?" ಏನು ಸರಕು ಇದೆ ಅಂತ.

"ಕಾಹೀ ನಾಹೀ" ಅಂದರು ಸುಬೇದಾರರು. ಏನೂ ಇಲ್ಲ.

ಏನೂ ಇಲ್ಲದಿದ್ದರೆ ಸುಂಕದ ನಾಕೆಯಲ್ಲಿ ಒಂದು ಗಂಟೆ ಯಾಕೆ ನಿಂತಿದ್ದೀರಿ ಅಂತ ಅವನ ಮುಂದಿನ ಪ್ರಶ್ನೆ. ಹಸಿದಿದ್ದ ಗುತ್ತೇದಾರರು ನಿಜವನ್ನೇ ಹೇಳಿದರು: "ಇಡಲೀ ಯೇಣಾರ ಆಹೆ." ಇಡ್ಲಿ ಬರುವುದಿದೆ.

ಕಾರಕೂನ ಇದು ಕಳ್ಳಮಾಲಿನ ಗುಪ್ತ ಹೆಸರು ಇರಬೇಕು ಅಂದುಕೊಂಡ. ಕುರ್ಚಿ ತಂದು ನಮ್ಮ ಎದುರಿಗೇ ಹಾಕಿ ಕೂತ. ಅಣ್ಣನ ಜೀಪು ಬಂದದ್ದೇ ಎದ್ದು ಹೋಗಿ, ಡಬ್ಬಿ ಇಳಿಸಿ, ಬಟ್ಟೆ ಸರಿಸಿ, ಕೆಳಗಿನ ತನಕ ಕೈಹಾಕಿ ತಪಾಸಣೆ ಮಾಡಿದ. ಮೇಲಿನ ಒಂದು, ನಡುವಿನ ಒಂದು, ತಳದ ಒಂದು ಇಡ್ಲಿ ತಿಂದು ನೋಡಿದ. "ಮಾಲ ಬರೋಬರ ಆಹೆ", ಸರಕು ಸರಿಯಾಗಿದೆ, ಅಂತ ಬಿಟ್ಟುಕೊಟ್ಟ.

ಆ ಮೇಲೆ ಅವನಿಗೂ ರೂಢಿಯಾಯಿತು. ಒಂದು ಸಲ ನನ್ನ ಹತ್ತಿರ ಬಂದು, ನಿಮ್ಮ ಈ ಅಣ್ಣ ಭಾಳ ಹೊತ್ತು ಪಾಲಿಸುವ ಮನುಷ್ಯ, ಅವರ ಜೀಪು ಬಂದಾಗ ನಾನು ಗಡಿಯಾರ ಸರಿ ಮಾಡಿಕೊಳ್ಳುತ್ತೇನೆ ಅಂದ. ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ನಾಕೆಯಲ್ಲಿ ತಲೆ ಇದ್ದವನು ಅವನೊಬ್ಬನೇ ಅಂತ ಆಗ ನಮಗೆ ಹೊಳೆಯಲಿಲ್ಲ.

ಇಡ್ಲಿ ಇಲ್ಲದ ರವಿವಾರ

ಅಣ್ಣ ತಡ ಆಗುವುದು ಇಡ್ಲಿಯಿಂದಲೇ ಅಂತ ನಾವು ತೀರ್ಮಾನಿಸಿದೆವು. ಅಷ್ಟು ಇಡ್ಲಿ ಬೇಯಬೇಕು, ಚಟ್ನಿ ರುಬ್ಬಬೇಕು, ತಡ ಆಗದೆ ಇರುತ್ತದೆಯೇ? ನಾನು ಹಡಪಸರಕ್ಕೆ ಹೋಗಿ, "ಈ ಸಲ ಇಡ್ಲಿ ತರಬ್ಯಾಡ್ರಿ ಅಣ್ಣಾ. ತ್ರಾಸ ತಗೋಬ್ಯಾಡ್ರಿ. ಪಾವಣೆ ಆರಕ್ಕ ಬಂದ್ರ ಸಾಕು" ಅಂದೆ.

ಅವರ ಮುಖ ಸಣ್ಣದಾಯಿತು. "ಚಟ್ನಿ ಖಾರ ಆಯ್ತಾ?" ಅಂತ ಕೇಳಿದರು.

"ಇಲ್ಲ ಇಲ್ಲ, ಟೈಮಿಗೆ ಬರ್ರಿ ಅಂತ."

"ಟೈಮಿಗೆ ಬರ್ತೇನಲ್ಲ ಮಾರಾಯ್ರೆ" ಅಂದರು.

ಆ ರವಿವಾರ ಅಣ್ಣ ಇಡ್ಲಿ ಇಲ್ಲದೆ ಬಂದರು, ಆರು ನಲವತ್ತೈದಕ್ಕೆ. ಹಿಂದೆ ಒಂದು ಗಂಟೆ ಕಾದರೆ ಕೊನೆಗೆ ಇಡ್ಲಿ ಇರುತ್ತಿತ್ತು. ಅವತ್ತು ಕಾದದ್ದೂ ಹೋಯಿತು, ಇಡ್ಲಿಯೂ ಹೋಯಿತು. ನಾಕೆಯ ಕಾರಕೂನ ನನ್ನ ಕೂಡ ಎರಡು ತಿಂಗಳು ಮಾತು ಬಿಟ್ಟ.

ತಡ ಅಂತಲೇ ಬರೆದೆ

ಆಗ ನಾನು ರೂಲು ಮಾಡಿದೆ. ಹದಿನೈದು ನಿಮಿಷ ಕಾಯುವುದು, ಆಮೇಲೆ ಹೊರಡುವುದು. ಮೂರು ಸಲ ತಡ ಆದರೆ ಹೆಸರು ಹೊಡೆಯುವುದು. ಅಣ್ಣನಿಗೂ ಹೋಗಿ ಹೇಳಿದೆ. "ಒಳ್ಳೆ ರೂಲು. ಹೊತ್ತಿಗೆ ಬೆಲೆ ಕೊಡ್ಬೇಕು" ಅಂದರು. ಎಷ್ಟು ದಪ್ಪ ಚರ್ಮ ಇವರದು ಅಂತ ನನಗೆ ಅನಿಸಿತು.

ಮೊದಲ ರವಿವಾರವೇ ಅವರನ್ನು ಬಿಟ್ಟು ಹೊರಟೆವು. ಮಳೆಗಾಲ, ಮುಳಶಿಯ ಆಚೆ ಕೆಂಪು ರಾಡಿ. ಗುತ್ತೇದಾರರ ಜೀಪು ಒಂದು ಗದ್ದೆಯ ಬದುವಿನಲ್ಲಿ ಅಚ್ಚಿನ ತನಕ ಹೂತಿತು. ಅದನ್ನು ಎಳೆಯಲು ಹೋದ ಸುಬೇದಾರರ ಜೀಪೂ ಪಕ್ಕದಲ್ಲೇ ಕೂತಿತು. ನಾವು ಮೂವರೂ ಮೊಣಕಾಲು ಮುಳುಗುವ ರಾಡಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ಸುಬೇದಾರರು, "ಈಗ ಏನಿದ್ರೂ ದೇವರು ಬರಬೇಕು" ಅಂದರು.

ಒಂದು ಗಂಟೆಯ ಮೇಲೆ ಅಣ್ಣ ಬಂದರು. ನಮ್ಮ ಗಾಲಿಯ ಗುರುತು ಹಿಡಿದುಕೊಂಡು ಬಂದಿದ್ದರು. ಗಟ್ಟಿ ನೆಲದ ಮೇಲೆ ಜೀಪು ನಿಲ್ಲಿಸಿ, ತೆಂಗಿನ ನಾರಿನ ದಪ್ಪ ಹಗ್ಗ ತೆಗೆದು, ಒಂದಾದ ಮೇಲೆ ಒಂದು ಎರಡೂ ಗಾಡಿಗಳನ್ನು ಎಳೆದು ಹಾಕಿದರು. "ಬಿಟ್ಟು ಯಾಕೆ ಬಂದ್ರಿ" ಅಂತ ಒಂದು ಮಾತು ಅನ್ನಲಿಲ್ಲ. "ನಿಮಗೆ ಏನೋ ಅವಸರ ಇತ್ತು ಅಂತ ಕಾಣ್ತದೆ" ಅಂದು ಕೈ ತೊಳೆದುಕೊಂಡರು. ಹಗ್ಗವನ್ನು ಸುಬೇದಾರರ ಜೀಪಿನಲ್ಲೇ ಇಟ್ಟರು, ನಿಮಗೆ ಬೇಕಾಗ್ತದೆ ಅಂತ.

ಸಂಜೆ ಸುಬೇದಾರರು ನನ್ನನ್ನು ಕೇಳಿದರು: "ಇವತ್ತಿಂದು ಏನಂತ ಬರೀತೀರಿ? ಅವರು ತಡ ಬಂದಿದ್ದಕ್ಕ ನಾವು ಹೊರಗ ಬಂದೇವಿ."

"ಕಾರಣ ಬರಿಯೋ ಖಾನೇನ ಇಲ್ರಿ ಇದರಾಗ" ಅಂದೆ. ತಡ ಅಂತಲೇ ಬರೆದೆ.

ಒಂದು ಕಾರ್ಡು

ಮುಂದಿನ ಎರಡು ತಿಂಗಳೂ ಅಷ್ಟೇ. ಮೂರು ಆಯಿತು. ಸುಬೇದಾರರೂ ಗುತ್ತೇದಾರರೂ ರೂಲು ನಿಮ್ಮದು ಅನ್ನುವ ಹಾಗೆ ಕೂತರು. ನಾನು ಕೆಂಪು ಶಾಯಿಯಲ್ಲಿ ಅಣ್ಣನ ಹೆಸರಿನ ಮೇಲೆ ಗೆರೆ ಎಳೆದೆ. ಎದುರಿಗೆ ಹೇಳುವ ಧೈರ್ಯ ಆಗಲಿಲ್ಲ, ಕಾರ್ಡು ಬರೆದೆ. ಬರೆದದ್ದು ಕಾರಖಾನೆಯ ಭಾಷೆಯಲ್ಲಿ: "ತಾವು ಸತತವಾಗಿ ವಿಳಂಬವಾಗಿ ಹಾಜರಾಗುತ್ತಿರುವ ಕಾರಣ ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ."

ನಾಲ್ಕನೇ ದಿನ ಉತ್ತರ ಬಂತು. "ತಮ್ಮ ಕಾರ್ಡು ತಲುಪಿತು. ನಾನು ಎಂದೂ ತಡವಾಗಿ ಬಂದದ್ದು ನೆನಪಿಲ್ಲ. ಹಿರಿಯರಾದ ತಾವು ಬರೆದ ಮೇಲೆ ಏನೋ ಇರಬೇಕು. ಚಟ್ನಿಯ ವಿಷಯವಾದರೆ ಕ್ಷಮಿಸಿ. ಹಗ್ಗ ತಮ್ಮಲ್ಲೇ ಇರಲಿ."

ಆ ಕಾರ್ಡನ್ನು ನಾನು ಎರಡು ಸಲ ಓದಿದೆ, ಮೂರನೇ ಸಲ ಓದಲಾಗಲಿಲ್ಲ. ಐದು ತಿಂಗಳು ಅವರ ಹೋಟೆಲಿನ ರಸ್ತೆಗೆ ಕಾಲಿಡಲಿಲ್ಲ. ನಾವು ಮೂವರು ಎರಡು ಜೀಪಿನಲ್ಲಿ ಹೋಗುತ್ತಿದ್ದೆವು, ಆರಕ್ಕೆ ಸರಿಯಾಗಿ ಹೊರಡುತ್ತಿದ್ದೆವು. ನನ್ನ ರಿಜಿಸ್ಟರಿನಲ್ಲಿ ಒಂದು ತಪ್ಪೂ ಇರಲಿಲ್ಲ. ಮನಸ್ಸಿಗೆ ಮಾತ್ರ ಭಾಳ ಕೆಟ್ಟ ಅನಿಸುತ್ತಿತ್ತು.

ನಾಕೆಯ ಕಾರಕೂನ ಮಾತ್ರ ತಿಂಗಳಿಗೊಮ್ಮೆ ಬಂದು, ಮನೆಯಲ್ಲಿ ಯಾರೋ ತೀರಿಕೊಂಡವರನ್ನು ವಿಚಾರಿಸುವ ಹಾಗೆ ಇಡ್ಲಿಯನ್ನು ವಿಚಾರಿಸಿ ಹೋಗುತ್ತಿದ್ದ.

ಗಾಡಿ ಹೋಯಿತು

ಐದನೇ ತಿಂಗಳು, ತಂಗಿಯ ಮನೆಯವರನ್ನು ಕರೆದುಕೊಂಡು ಬರಲು ಪುಣೆ ಸ್ಟೇಷನ್ನಿಗೆ ಹೋಗಿದ್ದೆ. ಅವರ ಗಾಡಿ ತಡ ಇತ್ತು, ಬೆಂಚಿನ ಮೇಲೆ ಕೂತಿದ್ದೆ. ಹತ್ತೂವರೆಯ ಸುಮಾರಿಗೆ ಅಣ್ಣ ಬಂದರು. ಇಸ್ತ್ರಿ ಮಾಡಿದ ಬಿಳೀ ಪಂಚೆ, ಕೈಯಲ್ಲಿ ಕಾಗದ ಸುತ್ತಿದ ಒಂದು ಪಾತ್ರೆ. ನನ್ನನ್ನು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಅವರೇ ಮಾತಾಡಿಸಿದರು. ನಾನಾಗಿದ್ದರೆ ಮಾತಾಡಿಸುತ್ತಿರಲಿಲ್ಲ.

"ದೌಂಡಿನ ಗಾಡಿ ಎಲ್ಲಿ ನಿಲ್ತದೆ? ನಮ್ಮ ಅಡಿಗೆಯವನ ಮದುವೆ."

"ಅದು ಹೋತಲ್ರಿ ಅಣ್ಣಾ. ಪಾವಣೆ ಹತ್ತಕ್ಕ ಬಿಟ್ಟಿತು."

ಅವರು ಕೈಗಡಿಯಾರ ನೋಡಿಕೊಂಡರು. "ಪಾವಣೆ ಹತ್ತಕ್ಕೆ ಇನ್ನೂ ಕಾಲು ಗಂಟೆ ಉಂಟಲ್ಲ?"

ನಾನು ಅವರ ಮುಖವನ್ನೇ ನೋಡಿದೆ. ತಮಾಷೆಯ ಗುರುತು ಎಲ್ಲೂ ಇರಲಿಲ್ಲ. ಅವರು ಪಾತ್ರೆಯನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಕೂತು, ಯಾರನ್ನೂ ದೂರದ ಹಾಗೆ ಮೆಲ್ಲಗೆ ಹೇಳಿದರು: "ಈ ಊರಲ್ಲಿ ನನಗೆ ಎಲ್ಲವೂ ಒಂದು ಗಂಟೆ ಮುಂಚೆ ಹೋಗ್ತದೆ ಮಾರಾಯ್ರೆ. ಗಾಡಿಯೂ ಹೋಗ್ತದೆ. ನೀವೂ ಹೋದ್ರಿ."

ನಾನು ಅವರ ಕಡೆ ತಿರುಗಿ ಕೂತೆ. "ಅಣ್ಣಾ, ಪಾವಣೆ ಅಂದ್ರ ಏನ್ರಿ?"

"ಮುಕ್ಕಾಲು ಅಲ್ವಾ? ನೀವೇ ಹೇಳಿದ್ದು, ಮೊದಲ ದಿನ. ಪಾವಣೆ ಹತ್ತು ಅಂದ್ರೆ ಹತ್ತೂಮುಕ್ಕಾಲು."

ನಾನೇ ಹೇಳಿದ್ದು. ಬಸ್ಸಿನ ಅವಸರದಲ್ಲಿ ಹೇಳಿದ ಆ ಒಂದೇ ಮಾತು ನೆನಪಾಯಿತು. ಪಾವಣೆ ಅಂದರೆ ಮುಕ್ಕಾಲು ರೀ, ಅಂದಿದ್ದೆ. ಅದು ಸುಳ್ಳಲ್ಲ. ಆದರೆ ನಮ್ಮ ಕಡೆ ಪಾವಣೆ ಹತ್ತು ಅಂದರೆ ಹತ್ತಕ್ಕೆ ಕಾಲು ಗಂಟೆ ಕಮ್ಮಿ. ಅವರ ಕಡೆ ಹತ್ತೂಮುಕ್ಕಾಲು ಅಂದರೆ ಹತ್ತು ದಾಟಿ ಮುಕ್ಕಾಲು ಗಂಟೆ. ನಡುವೆ ಸರಿಯಾಗಿ ಒಂದು ಗಂಟೆ. ಪಾವಣೆ ಆರು ಅಂದಾಗೆಲ್ಲ ಅವರಿಗೆ ಆರೂಮುಕ್ಕಾಲು ಅಂತ ಕೇಳಿಸಿತ್ತು. ಆ ಮನುಷ್ಯ ಒಂದು ದಿನವೂ ತಡ ಬಂದಿರಲಿಲ್ಲ.

ಆಗಲೇ ಹೇಳಿಬಿಡಬೇಕಿತ್ತು. ಇಷ್ಟು ವರ್ಷ ಬೇರೆಯವರ ತಪ್ಪು ಬರೆದ ಕೈ ನನ್ನದು, ನಾಲಿಗೆ ಏಳಲಿಲ್ಲ. "ಬರೋ ರವಿವಾರ ಬರ್ರಿ ಅಣ್ಣಾ. ಪಾವಣೆ ಆರಕ್ಕ" ಅಂದೆ, ಅಷ್ಟೇ.

"ಹೆಸರು ಹೊಡೆದದ್ದಲ್ವಾ?"

"ಬರ್ರಿ ನೀವು."

ಅವರು ತಲೆಯಾಡಿಸಿದರು. ಆಮೇಲೆ ಪಾತ್ರೆ ಎತ್ತಿಕೊಂಡು, ಗಾಡಿಯನ್ನು ಒಂದು ಗಂಟೆ ಮುಂಚೆ ಬಿಟ್ಟದ್ದು ಯಾಕೆ ಅಂತ ಕೇಳಲು ವಿಚಾರಣೆಯ ಕಿಟಕಿಯ ಕಡೆ ನಡೆದರು.

ಯಾವ ಪಾವಣೆ

ಅವತ್ತೇ ಸಂಜೆ ಸುಬೇದಾರರಿಗೂ ಗುತ್ತೇದಾರರಿಗೂ ಎಲ್ಲವನ್ನೂ ಹೇಳಿದೆ. ಸುಬೇದಾರರು ಮೀಸೆ ತಿರುವಿದರು. "ಫೌಜಿನ್ಯಾಗ ಇದಕ್ಕ ಕೋರ್ಟ್ ಮಾರ್ಷಲ್ ಅದ, ಟೈಮ್‌ಕೀಪರ್ ಸಾಹೇಬ್ರ" ಅಂದರು. ಆಮೇಲೆ ಅವರೇ ದಾರಿ ಹೇಳಿದರು: "ಅವರಿಗೆ ತಿಳಿಸಿ ನಾಚಿಸೋದು ಬ್ಯಾಡ. ಅವರ ಪಾವಣೆ ಆರಕ್ಕ ನಾವೇ ಹೋಗೂಣು. ಒಬ್ಬರೂ ಮೊದಲ ಹೋಗಂಗಿಲ್ಲ. ಮೊದಲ ಕುಂತಿದ್ದು ಕಂಡ್ರ ಮತ್ತ ಮನಸ್ಸಿಗೆ ಹಚ್ಕೋತಾರ."

ರವಿವಾರ ನಾನು ಐದಕ್ಕೇ ಎದ್ದು, ಬೂಟು ಕಟ್ಟಿಕೊಂಡು, ಮನೆಯಲ್ಲೇ ಕೂತೆ. ಜನ್ಮದಲ್ಲಿ ಮೊದಲ ಸಲ ಹೊತ್ತು ದಾಟುವುದನ್ನು ಬೇಕಂತಲೇ ನೋಡುತ್ತ ಕೂತದ್ದು. ಕಟ್ಟಿದ ಬೂಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಹೆಂಡತಿ ಎದ್ದು ಬಂದವಳು ನನ್ನನ್ನು ನೋಡಿ, "ಯಾಕ, ಇವತ್ತ ನಾಕೆದಾವ್ರೂ ಹೊರಗ ಹಾಕಿದ್ರೇನು?" ಅಂತ ಕೇಳಿದಳು.

ಆರು ನಲವತ್ತೈದಕ್ಕೆ ಸರಿಯಾಗಿ ಎರಡೂ ಜೀಪು, ನನ್ನ ಸೈಕಲ್ಲು ಒಟ್ಟಿಗೆ ನಾಕೆ ಮುಟ್ಟಿದವು. ಒಂದು ಪುಣ್ಯದ ಕೆಲಸ ಮಾಡಿದೆವು ಅಂತ ಮೂವರ ಮುಖವೂ ಅರಳಿತ್ತು.

ಅಣ್ಣನ ಜೀಪು ಆಗಲೇ ಅಲ್ಲಿ ನಿಂತಿತ್ತು. ಅಣ್ಣ ಅದರ ಮೆಟ್ಟಿಲ ಮೇಲೆ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದರು. ಎದುರಿಗೆ ಕುರ್ಚಿಯಲ್ಲಿ ಕಾರಕೂನ. ನಡುವೆ ಇಡ್ಲಿಯ ಡಬ್ಬಿ. ಬಟ್ಟೆಯ ಮೇಲೆ ಹಬೆಯ ಗುರುತೂ ಇರಲಿಲ್ಲ. ಕಾರಕೂನ ಕೈಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿ, "ಏಕ ತಾಸ ಉಶೀರ" ಅಂದ. ಒಂದು ತಾಸು ತಡ ಅಂತ, ನನಗೆ, ಅವನು.

"ಅಣ್ಣಾ, ಯಾವಾಗ ಬಂದ್ರಿ?" ಅಂದೆ.

"ಪಾವಣೆ ಆರಕ್ಕೆ. ನಿಮ್ಮ ಪಾವಣೆ ಆರಕ್ಕೆ. ಸ್ಟೇಷನ್ನಿನ ಕಿಟಕಿಯಲ್ಲಿ ಆ ಪುಣ್ಯಾತ್ಮ ಕಾಗದದ ಮೇಲೆ ಗಡಿಯಾರ ಬಿಡಿಸಿ ತೋರಿಸಿದ. ಐದು ನಲವತ್ತೈದು ಅಂತ ಗೊತ್ತಾಯ್ತು." ಅವರು ಎದ್ದು ನಿಂತರು. "ಹದಿನೈದು ನಿಮಿಷ ಆದ ಕೂಡ್ಲೆ ಈ ನಾಕೆಯವ ಹೇಳಿದ, ನೀವು ಹೊರಡಿ ಅಂತ. ರೂಲು ಹಾಗೇ ಅಲ್ವಾ? ಆದ್ರೆ ಒಬ್ಬನೇ ಎಲ್ಲಿಗೆ ಹೋಗುದು? ಕಾದೆ. ಕರೆದು ಬಾರದವರಲ್ಲ ನೀವು ಅಂತ ಕಾದೆ."

ನನ್ನ ಕಣ್ಣು ತುಂಬಿ ಬಂತು. ಸುಬೇದಾರರು ಗುಡ್ಡದ ಕಡೆ ತಿರುಗಿ ನಿಂತುಕೊಂಡರು. ನಾನು ಎಲ್ಲವನ್ನೂ ಹೇಳಿದೆ. ಮೊದಲ ದಿನ ಅರ್ಧ ಅರ್ಥ ಹೇಳಿ ಹೋದವನು ನಾನು, ಸ್ಟೇಷನ್ನಿನಲ್ಲಿ ಬಾಯಿ ಮುಚ್ಚಿಕೊಂಡವನೂ ನಾನು, ಇವತ್ತು ನಿಮ್ಮ ಮುಕ್ಕಾಲಿಗೆ ಬರೋಣ ಅಂತ ಬೇಕಂತಲೇ ತಡ ಬಂದೆವು, ತಪ್ಪು ನನ್ನದು ಅಂದೆ.

ಅಣ್ಣ ಕೇಳಿಸಿಕೊಂಡು ಲೆಕ್ಕ ಹಾಕುವವರ ಹಾಗೆ ನಿಂತರು. "ಹಾಗಾದ್ರೆ ಅಷ್ಟು ತಿಂಗಳು, ಪ್ರತಿ ಸಲ, ನೀವು ಒಂದು ಗಂಟೆ ನನಗೋಸ್ಕರ ಕಾದದ್ದಾ?"

"ಹೌದ್ರಿ."

"ಒಂದು ಮಾತೂ ಬೈಲಿಲ್ಲವಾ?"

"ಇಡ್ಲಿ ಇತ್ತಲ್ರಿ" ಅಂದರು ಗುತ್ತೇದಾರರು.

ಅಣ್ಣ ತಲೆ ತಗ್ಗಿಸಿದರು. "ನಾನು ತಿಳ್ಕೊಂಡದ್ದೇ ಬೇರೆ. ಮೂವರಿಗೂ ಮನೇಲಿ ಹೆಂಡತಿ ಕಾಟ ಇರ್ಬೇಕು, ಅದಕ್ಕೇ ಬೆಳಕು ಹರಿಯುವ ಮೊದಲೇ ಬಂದು ಇಲ್ಲಿ ಕೂತ್ಕೊಳ್ತಾರೆ, ಪಾಪ, ಹಸಿದಿರ್ತಾರೆ ಅಂತ ಇಡ್ಲಿ ತರ್ತಿದ್ದೆ."

ಮೊದಲು ಯಾರು ನಕ್ಕರೋ ತಿಳಿಯಲಿಲ್ಲ. ಸುಬೇದಾರರು ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ತಣ್ಣಗಾದ ಇಡ್ಲಿಯನ್ನು ಐವರೂ ನಿಂತುಕೊಂಡು ತಿಂದೆವು. ಆಮೇಲೆ ನಾನು ರಿಜಿಸ್ಟರು ತೆಗೆದು, ಅಣ್ಣನ ಹೆಸರನ್ನು ಹೊಸ ಸಾಲಿನಲ್ಲಿ ಬರೆದು, ಮುಂದೆ ಐದು ನಲವತ್ತೈದು ಅಂತ ಹಾಕಿದೆ. ನನ್ನ ಹೆಸರಿನ ಮುಂದೆ ಆರು ನಲವತ್ತೈದು, ತಡ ಅಂತ ಹಾಕಿದೆ. ಅದಕ್ಕೂ ಕೆಂಪು ಶಾಯಿಯನ್ನೇ ಬಳಸಿದೆ.

ಹೊರಡುವ ಮೊದಲೇ ಮುಂದಿನ ತಿಂಗಳ ಟೈಮು ಗೊತ್ತು ಮಾಡಿಬಿಡಬೇಕು ಅಂತ ಗುತ್ತೇದಾರರು ಹಟ ಹಿಡಿದರು. "ಈ ಪಾವಣೆ ಗೀವಣೆ ಬ್ಯಾಡ್ರಿ ಇನ್ನ. ಪೂರಾ ಗಂಟೆ ಹೇಳ್ರಿ."

"ಬರೋಬರ್" ಅಂದರು ಸುಬೇದಾರರು. ಎದೆ ಸೆಟೆಸಿ ನಿಂತು ಹುಕುಂ ಕೊಟ್ಟರು: "ಮುಂದಿನ ತಿಂಗಳು ಆರು ಗಂಟೆ. ಎಲ್ಲರಿಗೂ ತಿಳೀತಲ್ಲ? ಆರು ಅಂದ್ರ ಪಾವಣೆ ಆರು."

ಅಣ್ಣ ಬಹಳ ವಿನಯದಿಂದ ಕೇಳಿದರು: "ಯಾವ ಪಾವಣೆ ಸುಬೇದಾರ್ರೆ? ನಿಮ್ಮದಾ, ನಮ್ಮದಾ?"

ಸುಬೇದಾರರು ನನ್ನ ಮುಖ ನೋಡಿದರು. ಆಮೇಲೆ ಜೀಪು ಹತ್ತಿ ಕೂತು, ಗಾಡಿ ಚಾಲೂ ಮಾಡಿ, ಮುಂದಿನ ರಸ್ತೆಯನ್ನು ನೋಡುತ್ತ ಹೇಳಿದರು: "ಯಾವಾಗರೆ ಬರ್ರಿ ಅಣ್ಣಾ. ಕಾಯ್ತೀವಿ."

ಯಾವಾಗಾದರೂ ಬನ್ನಿ ಅಂದದ್ದೂ ಹುಕುಮೇ, ಹುಕುಂ ಅಂದ ಮೇಲೆ ದಾಖಲೆ ಆಗಬೇಕು. ಟೈಮಿನ ಖಾನೆಯಲ್ಲಿ ಹಾಗೇ ಬರೆದುಕೊಂಡೆ. ರಿಜಿಸ್ಟರು ಇನ್ನೂ ನನ್ನ ಹತ್ತಿರ ಇದೆ. ಅವತ್ತಿನಿಂದ ಕೊನೆಯ ಪುಟದ ತನಕ ಆ ಖಾನೆಯಲ್ಲಿ ಇರುವುದು ಒಂದೇ ಟೈಮು: ಯಾವಾಗರೆ.